ರಾತ್ರಿ ಪಾಳಿಯ ಲೆಕ್ಕ

(ಅಂಗವಿಕಲರ ವಸತಿ ಆರೈಕೆ ಸಂಸ್ಥೆಗಳು ಬೆಳೆಯುವ ಬಗೆ ಕುರಿತು ಧಾರವಾಡದಲ್ಲಿ ಟ್ರಸ್ಟಿಗಳು, ಪಾಲಕರು ಮತ್ತು ಆರೈಕೆ ಸಿಬ್ಬಂದಿಯ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದೆ.)

ನಮ್ಮ ಭಾಗದಲ್ಲಿ ಒಂದು ವಸತಿ ಆರೈಕೆ ಸಂಸ್ಥೆ ಎಷ್ಟು ಬೆಳೆದಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಅಂಕಿ ಸಿಗುತ್ತವೆ: ಹಾಸಿಗೆ ಎಷ್ಟು, ಜಾಗ ಎಷ್ಟು ಎಕರೆ. ರಾತ್ರಿ ಎರಡು ಗಂಟೆಗೆ ಎಷ್ಟು ಜನ ಸಿಬ್ಬಂದಿ ಎಚ್ಚರ ಇರುತ್ತಾರೆ ಎಂಬ ಅಂಕಿಯನ್ನು ಯಾರೂ ತಾವಾಗಿ ಹೇಳುವುದಿಲ್ಲ. ವಾರ್ಷಿಕ ವರದಿಯಲ್ಲೂ ಅದು ಇರುವುದಿಲ್ಲ. ಸಂಸ್ಥೆ ನಿಜಕ್ಕೂ ಬೆಳೆದಿದೆಯೋ, ಬರೀ ಉಬ್ಬಿದೆಯೋ ತಿಳಿಯುವುದು ಆ ಮೂರನೆಯ ಅಂಕಿಯಿಂದಲೇ. ಇವತ್ತಿನ ಮಾತೆಲ್ಲ ಅದರ ಸುತ್ತ.

ಇಂಥ ಸಂಸ್ಥೆಗಳು ಹೇಗೆ ಹುಟ್ಟುತ್ತವೆ, ಎಲ್ಲಿ ದಾರಿ ಕವಲೊಡೆಯುತ್ತದೆ ಎಂದು ನೋಡಲು ಎರಡು ಉದಾಹರಣೆ ಸಾಕು. ಒಂದು ನಮ್ಮ ಗದಗಿನದು, ಇನ್ನೊಂದು ಇಂಗ್ಲೆಂಡಿನದು.

ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆಲ್ಲ ಗೊತ್ತು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತರು, ಆಮೇಲೆ ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದರು. ಮೊದಲು ಕಟ್ಟಡ ಇರಲಿಲ್ಲ, ಕಲಿಯುವವರು ಇದ್ದರು. ನಾಟಕ ಕಂಪನಿ ನಡೆಸಿದರು, ಅದರ ಗಳಿಕೆಯಲ್ಲಿ ಮಕ್ಕಳ ಊಟ-ಪಾಠ ನಡೆಯಿತು. ಗದಗಿನಲ್ಲಿ ನೆಲೆ ನಿಂತದ್ದು ಆಮೇಲೆ. 1944ರಲ್ಲಿ ಅವರು ತೀರಿಕೊಂಡ ಬಳಿಕ ಹಾವೇರಿ ತಾಲೂಕಿನ ದೇವಗಿರಿಯವರಾದ ಪುಟ್ಟರಾಜ ಗವಾಯಿಗಳು, ಅವರೂ ಅಂಧರು, 2010ರವರೆಗೆ ಅದನ್ನು ನಡೆಸಿದರು. ಭಕ್ತರು ಮಾಡಿಸುತ್ತಿದ್ದ ತುಲಾಭಾರಗಳಿಂದ ಆಶ್ರಮಕ್ಕೆ ಹಣ ಹರಿದು ಬಂತು.

ಇಲ್ಲಿ ಗಮನಿಸಬೇಕಾದದ್ದು ಹಣದ ಮೂಲ. ಆಶ್ರಮದಲ್ಲಿ ಇರುವವರೇ ಹಾಡುವವರು, ಬಾರಿಸುವವರು, ಮುಂದೆ ಕಲಿಸುವವರು. ಒಳಗೆ ಬಂದ ಹುಡುಗ ಕಲಿತು ಗವಾಯಿಯಾಗಿ ಹೊರಗೆ ಹೋಗುತ್ತಾನೆ, ಜಾಗ ಖಾಲಿಯಾಗುತ್ತದೆ, ಇನ್ನೊಬ್ಬ ಬರುತ್ತಾನೆ. ಹಾಗಾಗಿ ಸಂಖ್ಯೆ ದೊಡ್ಡದಾದರೂ ಭಾರ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಈ ಮಾದರಿಯನ್ನು ನೋಡಿ ಸ್ಫೂರ್ತಿ ಪಡೆದ ಎಷ್ಟೋ ಮಂದಿ ತೀವ್ರ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ), ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಮನೆ ತೆರೆಯುತ್ತಾರೆ. ಅಲ್ಲಿ ಲೆಕ್ಕ ಬೇರೆ. ಒಳಗೆ ಬಂದವರು ಮೂವತ್ತು, ನಲವತ್ತು ವರ್ಷ ಅಲ್ಲೇ ಇರುತ್ತಾರೆ, ವಯಸ್ಸಾದಂತೆ ಅವರ ಆರೈಕೆ ಹೆಚ್ಚುತ್ತದೆ. ಒಂದೇ ಮಂದಿ, ಅಷ್ಟೇ ಹಾಸಿಗೆ ಇದ್ದರೂ ಖರ್ಚು ಮೇಲೇರುತ್ತಲೇ ಹೋಗುತ್ತದೆ.

ಇಂಗ್ಲೆಂಡಿನ ಉದಾಹರಣೆ ಲೆನರ್ಡ್ ಚೆಷೈರ್ ಅವರದು. ಎರಡನೇ ಮಹಾಯುದ್ಧದ ಬಾಂಬರ್ ವಿಮಾನ ಚಾಲಕ. ನಾಗಾಸಾಕಿಯ ಮೇಲೆ ಬಾಂಬು ಬಿದ್ದಾಗ ಬ್ರಿಟನ್ನಿನ ವೀಕ್ಷಕನಾಗಿ ಆಕಾಶದಲ್ಲಿದ್ದವರು. ಯುದ್ಧ ಮುಗಿದ ಮೇಲೆ ಹ್ಯಾಂಪ್‌ಷೈರಿನ ಲೆ ಕೋರ್ಟ್ ಎಂಬ ದೊಡ್ಡ ಬಂಗಲೆಯಲ್ಲಿ ಮಾಜಿ ಸೈನಿಕರ ಸಹಬಾಳ್ವೆಯ ವಸಾಹತು ಮಾಡಲು ಹೋದರು, ಅದು ಕೈಗೂಡಲಿಲ್ಲ. 1948ರಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದ ಆರ್ಥರ್ ಡೈಕ್ಸ್ ಎಂಬುವನಿಗೆ ಹೋಗಲು ಜಾಗ ಇರಲಿಲ್ಲ. ಚೆಷೈರ್ ಅವನನ್ನು ಆ ಖಾಲಿ ಬಂಗಲೆಗೆ ಕರೆತಂದು ತಾವೇ ಆರೈಕೆ ಮಾಡಿದರು. ಅವನು ತೀರಿಕೊಳ್ಳುವ ಹೊತ್ತಿಗೆ ಬೇರೆಯವರು ಬರತೊಡಗಿದ್ದರು. ಮುಂದೆ ಊರೂರಲ್ಲಿ ಸ್ಥಳೀಯ ಸಮಿತಿಗಳು ಹುಟ್ಟಿ, ಅವೇ ಹಣ ಕೂಡಿಸಿ ಮನೆ ತೆರೆದವು. 1950ರ ದಶಕದ ನಡುವೆ ಮುಂಬೈನ ಅಂಧೇರಿಗೂ ಬಂತು, ಬೆಂಗಳೂರಿನಲ್ಲೂ ಚೆಷೈರ್ ಹೋಮ್ ಆಯಿತು.

ಬೆಳವಣಿಗೆಯ ಕಥೆ ಇಲ್ಲಿಗೆ ನಿಂತಿದ್ದರೆ ಸುಂದರವಾಗಿರುತ್ತಿತ್ತು. ಲೆ ಕೋರ್ಟಿಗೆ 1956ರಲ್ಲಿ ಪಾಲ್ ಹಂಟ್ ಎಂಬ ಯುವಕ ಸೇರಿದ, ಸ್ನಾಯುಕ್ಷಯದ ರೋಗಿ. ಸಮಿತಿಯಲ್ಲಿ ಊರಿನ ಗಣ್ಯರಿದ್ದರು, ಅಲ್ಲೇ ಬದುಕುವವರ ಮಾತು ನಡೆಯುತ್ತಿರಲಿಲ್ಲ. ಮಲಗುವ ಹೊತ್ತು ಯಾವುದು, ಹೊರಗೆ ಹೋಗಲು ಯಾರ ಅಪ್ಪಣೆ ಬೇಕು, ಒಂದು ಗ್ಲಾಸು ಬಿಯರು ಕುಡಿಯಬಹುದೋ ಇಲ್ಲವೋ, ಇಂಥ ಸಣ್ಣ ಸಂಗತಿಗಳಿಗೆ ನಿವಾಸಿಗಳು ವರ್ಷಗಟ್ಟಲೆ ಜಗ್ಗಾಡಿದರು. 1962ರಲ್ಲಿ ಅವರೇ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಸಂಶೋಧಕರನ್ನು ಸಂಪರ್ಕಿಸಿದರು. ಅಧ್ಯಯನ ಮುಗಿದು ಪ್ರಕಟವಾದಾಗ 1972. ಸಂಶೋಧಕರು ಆಡಳಿತದ ಕಡೆ ವಾಲಿದರು ಎಂದು ನಿವಾಸಿಗಳಿಗೆ ಕಹಿಯಾಯಿತು. ಅದೇ ಸೆಪ್ಟೆಂಬರಿನಲ್ಲಿ ಹಂಟ್ ಗಾರ್ಡಿಯನ್ ಪತ್ರಿಕೆಗೆ ಬರೆದ ಪತ್ರದಿಂದ ಬ್ರಿಟನ್ನಿನ ಅಂಗವಿಕಲರ ಹಕ್ಕಿನ ಚಳವಳಿಗೆ ದೊಡ್ಡ ತಿರುವು ಸಿಕ್ಕಿತು. ಅಂದರೆ ದಾನಧರ್ಮದ ಮನೆಯೊಳಗಿಂದಲೇ ಅದರ ಕಟುವಾದ ವಿಮರ್ಶೆ ಹುಟ್ಟಿತು. ಭಾರತ 2007ರಲ್ಲಿ ಒಪ್ಪಿ ಸಹಿ ಹಾಕಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ, ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಂ ಎರಡೂ ಹೇಳುವುದು ಇದನ್ನೇ: ಸಮುದಾಯದ ನಡುವೆ ಬದುಕುವುದು ಅವರ ಹಕ್ಕು. ನಮ್ಮಲ್ಲಿ ಟ್ರಸ್ಟ್ ಡೀಡ್ ಬರೆಯುವಾಗ ಈ ಕಲಂ ಯಾರಿಗೂ ನೆನಪಾಗುವುದಿಲ್ಲ.

ಒಂದು ಹಾಸಿಗೆ ಎಂದರೆ ಎಷ್ಟು ಸಂಬಳ

ಈಗ ಲೆಕ್ಕಕ್ಕೆ ಬರೋಣ. ವಾರಕ್ಕೆ 168 ಗಂಟೆ. ಒಬ್ಬ ಆರೈಕೆದಾರ ವಾರಕ್ಕೆ 48 ಗಂಟೆ ದುಡಿಯುತ್ತಾನೆ. ಹಗಲೂ ರಾತ್ರಿ ಒಂದು ಜಾಗದಲ್ಲಿ ಒಬ್ಬರು ಇರಲೇಬೇಕು ಎಂದರೆ ಮೂರೂವರೆ ಜನ ಬೇಕು. ರಜೆ, ಜ್ವರ, ಊರಿನ ಜಾತ್ರೆ, ಮನೆಯಲ್ಲಿ ಮದುವೆ, ಮಣ್ಣು ಎಲ್ಲ ಸೇರಿಸಿದರೆ ನಾಲ್ಕಕ್ಕಿಂತ ಕಡಿಮೆಯಾಗುವುದಿಲ್ಲ. ತಿಂಗಳಿಗೆ 15,000 ರೂಪಾಯಿ ಸಂಬಳ ಎಂದು ಹಿಡಿದರೂ ಒಂದು ಜಾಗಕ್ಕೆ ವರ್ಷಕ್ಕೆ 7.2 ಲಕ್ಷ. ಪಿಎಫ್ ಸೇರಿದರೆ ಎಂಟು ಲಕ್ಷ ದಾಟುತ್ತದೆ. ಇಪ್ಪತ್ತು ಸಿಬ್ಬಂದಿ ಆದಕೂಡಲೇ ಪಿಎಫ್ ಕಡ್ಡಾಯ. ಇಂಥ ನಾಲ್ಕು ಜಾಗ ಇಟ್ಟುಕೊಂಡರೆ ಹದಿನಾರು ಜನ, ಜೊತೆಗೆ ಅಡುಗೆಯವರು, ನರ್ಸ್, ಡ್ರೈವರ್, ವ್ಯವಸ್ಥಾಪಕರು. ಮೂವತ್ತು ನಿವಾಸಿಗಳ ಮನೆ ಆಗುವಷ್ಟರಲ್ಲಿ ಆ ಗೆರೆ ದಾಟಿರುತ್ತೀರಿ. ಬಜೆಟ್ಟಿನಲ್ಲಿ ಅದು ಇರುವುದಿಲ್ಲ, ನೋಟಿಸು ಬಂದಾಗ ಹಿಂದಿನ ಬಾಕಿಯೂ ಜೊತೆಗೆ ಬರುತ್ತದೆ.

ರಾತ್ರಿ ಪಾಳಿಗೆ ಬರೋಣ. ಮೂವತ್ತು ಜನರಲ್ಲಿ ಹನ್ನೆರಡು ಮಂದಿ ತಾವಾಗಿ ಮಗ್ಗುಲು ಬದಲಿಸಲಾರದವರು ಎಂದುಕೊಳ್ಳಿ. ಹಾಸಿಗೆ ಹುಣ್ಣು ಆಗದಿರಬೇಕಾದರೆ ಅವರನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು. ಡೈಪರ್ ನೋಡಿ, ಬೇಕಾದರೆ ಬದಲಿಸಿ, ಮಗ್ಗುಲು ಮಾಡಿ, ಮಂಡಿಗಳ ನಡುವೆ ದಿಂಬು ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಎತ್ತಿಡಲು ಒಬ್ಬರಿಗೆ ಹತ್ತು ನಿಮಿಷ, ಕೆಲಸಕ್ಕೆ ಇಬ್ಬರು. ಹನ್ನೆರಡು ಮಂದಿಗೆ 120 ನಿಮಿಷ. ಅಂದರೆ ಇಬ್ಬರು ಸಿಬ್ಬಂದಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಮುಂದಿನ ಸುತ್ತಿನ ಹೊತ್ತು ಆಗಿರುತ್ತದೆ. ನಡುವೆ ಒಬ್ಬರಿಗೆ ಫಿಟ್ಸ್ ಬಂತು, ಇನ್ನೊಬ್ಬರು ವಾಂತಿ ಮಾಡಿದರು ಎಂದರೆ ಸುತ್ತು ಅಲ್ಲಿಗೇ ನಿಂತಿತು. ಹಾಗಾಗಿ ಈ ಮನೆಗೆ ರಾತ್ರಿ ಕನಿಷ್ಠ ನಾಲ್ವರು ಬೇಕು. ನಮ್ಮ ಕಡೆ ಬಹಳ ಕಡೆ ಇರುವುದು ಒಬ್ಬ ಆಯಾ, ಒಬ್ಬ ವಾಚ್‌ಮನ್. ವಾಚ್‌ಮನ್ ಗೇಟಿನಲ್ಲಿ ಇರುತ್ತಾನೆ.

ಹಾಗಿದ್ದೂ ದಾಖಲೆ ಪುಸ್ತಕದಲ್ಲಿ 10, 12, 2, 4 ಎಂದು ಎಲ್ಲರ ಹೆಸರಿನ ಮುಂದೆ ಸಹಿ ಇರುತ್ತದೆ. ಅದನ್ನು ನೋಡಬೇಡಿ, ಬಾಲದೆಲುಬಿನ ಚರ್ಮ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾಗದೆ ಕೆಂಪು ಹಾಗೇ ಉಳಿದರೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ. ಕೈಗೆ ಬಿಸಿ, ಗಟ್ಟಿ ಎನ್ನಿಸುತ್ತದೆ. ಆ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುವ ರೂಢಿ ಇದೆ, ಅದರಿಂದ ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸುವುದೂ ತಪ್ಪು, ಅಂಚಿನ ಒತ್ತಡದಿಂದ ನಡುವಿನ ಭಾಗಕ್ಕೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ದಾನಿಗಳು ಏರ್‌ಬೆಡ್ ಕೊಡುತ್ತಾರೆ, ಒಳ್ಳೆಯದೇ. ಅದರ ಪಂಪಿಗೆ ಕರೆಂಟು ಬೇಕು, ಕರೆಂಟು ಹೋದ ರಾತ್ರಿ ಅದು ಬರೀ ರಬ್ಬರು ಹಾಳೆ. ಏರ್‌ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಊಟದ ಲೆಕ್ಕವೂ ಹೀಗೇ. ನುಂಗಲು ಕಷ್ಟವಿರುವ ಒಬ್ಬರಿಗೆ ಉಣಿಸಲು ಅರ್ಧ ತಾಸು. ಬೆನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಿಸಿ, ಸಣ್ಣ ಚಮಚದಲ್ಲಿ ಕೊಟ್ಟು, ನುಂಗಿದ್ದನ್ನು ನೋಡಿ ಮುಂದಿನ ತುತ್ತು. ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ಹನ್ನೆರಡು ಜನರಿಗೆ ಒಂದು ಹೊತ್ತಿನ ಊಟಕ್ಕೆ ಆರು ತಾಸಿನ ಕೆಲಸ. ಮೂವರು ಸಿಬ್ಬಂದಿ ಇದ್ದರೆ ಎರಡು ತಾಸು. ಇಬ್ಬರೇ ಇದ್ದರೆ ಅವಸರ. ಅವಸರದಲ್ಲಿ ಮಲಗಿಸಿಕೊಂಡೇ ತುರುಕುತ್ತಾರೆ, ಅನ್ನ-ಸಾರು ಶ್ವಾಸನಾಳಕ್ಕೆ ಇಳಿಯುತ್ತದೆ, ನಾಲ್ಕು ದಿನದಲ್ಲಿ ನ್ಯುಮೋನಿಯಾ. ಇಂಥ ಮನೆಗಳಲ್ಲಿ ‘ಎದೆಯಲ್ಲಿ ಕಫ ಕಟ್ಟಿ ಹೋದರು’ ಎಂದು ಬರೆದಿರುವ ಸಾವುಗಳಲ್ಲಿ ಒಂದಷ್ಟು ಹೀಗೆ ಆದವು.

ಏನು ಉಣಿಸಬೇಕು ಎನ್ನುವುದಕ್ಕೆ ನಮ್ಮ ಅಡುಗೆಯಲ್ಲೇ ಉತ್ತರ ಇದೆ. ಕಟಿ ರೊಟ್ಟಿ ಬೇಡ. ಬಿಸಿ ರೊಟ್ಟಿಯನ್ನೂ ಒಣ ತುಣುಕಾಗಿ ಕೊಡಬಾರದು, ಹಾಲಿನಲ್ಲೋ ಬೇಳೆಯಲ್ಲೋ ಪೂರ್ತಿ ಮೆತ್ತಗಾಗುವಂತೆ ಕಿವುಚಿ ಕೊಡಬೇಕು. ಜೋಳದ ನುಚ್ಚು ಚೆನ್ನಾಗಿ ಬೆಂದು ಗಟ್ಟಿ ಮೊಸರಿನಲ್ಲಿ ಕಲಸಿದ್ದು ಬಹಳ ಜನರಿಗೆ ಸಲೀಸು. ತೆಳ್ಳಗಿನ ನೀರು, ಮಜ್ಜಿಗೆ, ಚಹಾ ನುಂಗಲು ಸುಲಭ ಎಂದು ನಾವು ತಿಳಿದಿರುತ್ತೇವೆ. ನುಂಗುವ ತೊಂದರೆ ಇದ್ದವರಿಗೆ ಅವೇ ಅಪಾಯ, ಬಾಯಿಂದ ಸರ್ರನೆ ಜಾರಿ ತಪ್ಪು ದಾರಿ ಹಿಡಿಯುತ್ತವೆ. ಅಂಬಲಿಯ ಹದಕ್ಕೆ ಗಟ್ಟಿಯಾಗಿದ್ದರೆ ಹಿಡಿತ ಸಿಗುತ್ತದೆ. ಒಬ್ಬೊಬ್ಬರಿಗೆ ಯಾವ ಹದ ಎಂಬುದನ್ನು ಸ್ಪೀಚ್ ಥೆರಪಿಸ್ಟ್ ಅಥವಾ ವೈದ್ಯರಿಂದ ತಿಳಿದು, ಅಡುಗೆಮನೆಯ ಗೋಡೆಗೆ ಹೆಸರು ಸಮೇತ ಬರೆದು ಹಾಕಬೇಕು. ಹೊಸ ಆಯಾ ಬಂದ ದಿನವೇ ಅನಾಹುತ ಆಗುವುದು ಹೆಚ್ಚು.

ಕಟ್ಟಡ ಕೊಡುವವರು

ಒಬ್ಬ ದಾನಿ ಬಂದು 40 ಲಕ್ಷದ ಒಂದು ಹಾಲ್ ಕಟ್ಟಿಸಿ ಕೊಡುತ್ತೇನೆ, 18 ಹಾಸಿಗೆ ಹೆಚ್ಚಾಗಲಿ ಎನ್ನುತ್ತಾರೆ. ಟ್ರಸ್ಟಿಗಳಿಗೆ ಖುಷಿ. ಆ 18 ಜನರಿಗೆ ಹೆಚ್ಚುವರಿ ಮೂರು ಜಾಗಕ್ಕೆ ಹಗಲು-ರಾತ್ರಿ ಸಿಬ್ಬಂದಿ ಬೇಕು ಎಂದರೆ ವರ್ಷಕ್ಕೆ 24 ಲಕ್ಷ. ದಿನಕ್ಕೆ ತಲಾ 100 ರೂಪಾಯಿ ಊಟ ಎಂದರೆ ಆರೂವರೆ ಲಕ್ಷ. ಹತ್ತು ಜನರಿಗೆ ದಿನಕ್ಕೆ ಮೂರು ಡೈಪರ್, ಒಂದಕ್ಕೆ 25 ರೂಪಾಯಿಯಂತೆ, ಎರಡೂಮುಕ್ಕಾಲು ಲಕ್ಷ. ಔಷಧ, ಕರೆಂಟು ಬಿಟ್ಟರೂ 33 ಲಕ್ಷ. ಅಂದರೆ ಕಟ್ಟಡಕ್ಕೆ ಆದಷ್ಟು ಹಣ ಹದಿನಾಲ್ಕು-ಹದಿನೈದು ತಿಂಗಳಲ್ಲಿ ಮತ್ತೆ ಬೇಕು, ಆಮೇಲೆ ಮತ್ತೆ, ಹೀಗೇ. ಆನೆ ದಾನ ಕೊಟ್ಟವರು ಮೇವು ಕೊಟ್ಟಿಲ್ಲ ಎಂದು ಕೊಟ್ಟವರನ್ನು ದೂರಿ ಫಲವಿಲ್ಲ. ಮೇವಿನ ಲೆಕ್ಕವನ್ನು ಮೊದಲೇ ಅವರ ಮುಂದಿಡಬೇಕಾದವರು ನಾವು. ಕಲ್ಲಿನ ಮೇಲೆ ಹೆಸರು ಬೇಕೆನ್ನುವವರಿಗೆ ಹೆಸರು ಹಾಕಿಸಿ. ಆದರೆ ಕಟ್ಟಡದ ಮೊತ್ತಕ್ಕೆ ಸಮನಾದ ಒಂದು ಮೊತ್ತವನ್ನು ನಡೆಸುವ ನಿಧಿಗೆ ಇಡದೆ ಅಡಿಗಲ್ಲು ಹಾಕಬಾರದು ಎಂದು ಟ್ರಸ್ಟಿನ ನಡಾವಳಿಯಲ್ಲಿ ಒಂದು ಠರಾವು ಬರೆದಿಡಿ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವನ್ನೇ ನಂಬಿ ಸಂಬಳ ಕೊಡುವುದು ಇನ್ನೊಂದು ಬಲೆ. ಕಾನೂನಿನ ಪ್ರಕಾರ ಮುಂದುವರಿಯುವ ಯೋಜನೆಗೆ ಶುರುವಾದ ವರ್ಷ ಬಿಟ್ಟು ಮೂರು ವರ್ಷವೇ ಮಿತಿ. ಆ ಅವಧಿ ಮುಗಿದ ಮೇಲೂ ನಿವಾಸಿಗಳು ಅಲ್ಲೇ ಇರುತ್ತಾರೆ, ಸಂಬಳ ಇರುವುದಿಲ್ಲ. ಆ ಹಣವನ್ನು ವೀಲ್‌ಚೇರ್, ವಾಷಿಂಗ್ ಮೆಷಿನ್, ಸೋಲಾರ್, ವಾಹನ, ಸಿಬ್ಬಂದಿ ತರಬೇತಿಗೆ ಹಾಕಿ. ಸಂಬಳಕ್ಕೆ ಸಣ್ಣ ಸಣ್ಣ ದಾನಿಗಳೇ ಗಟ್ಟಿ.

ಸಣ್ಣ ದಾನಿಗಳು ಈಗ ಕೊಡುವುದು ಏನು? ಹುಟ್ಟುಹಬ್ಬಕ್ಕೆ, ಪುಣ್ಯತಿಥಿಗೆ ಒಂದು ಹೊತ್ತಿನ ಊಟ. ಶ್ರಾವಣದಲ್ಲಿ ಒಂದೇ ವಾರದಲ್ಲಿ ಐದು ದಿನ ಹೋಳಿಗೆ, ಆಷಾಢದಲ್ಲಿ ಯಾರೂ ಇಲ್ಲ. ಹೋಳಿಗೆ-ತುಪ್ಪ ಉಂಡ ರಾತ್ರಿ ಡೈಪರ್ ಎರಡು ಪಟ್ಟು ಬೇಕಾಗುತ್ತದೆ, ಅದನ್ನು ಕೊಡುವವರಿಲ್ಲ. ಮಠಗಳ ದಾಸೋಹ ಕಂಡ ಸೀಮೆ ನಮ್ಮದು. ಅನ್ನ ಹಾಕುವುದು ಎಂದರೆ ಕೈ ಮುಂದೆ ಬರುತ್ತದೆ, ಸಂಬಳ ಎಂದರೆ ಹಿಂದೆ ಸರಿಯುತ್ತದೆ. ಹಾಗಾಗಿ ಕೇಳುವ ರೀತಿ ಬದಲಿಸಿ. ಮೇಲಿನ ಸಂಬಳದ ಲೆಕ್ಕದಲ್ಲಿ ನಾಲ್ವರ ಒಂದು ರಾತ್ರಿ ಪಾಳಿಗೆ ಸುಮಾರು 2,300 ರೂಪಾಯಿ ಬೀಳುತ್ತದೆ. ‘ನಿಮ್ಮ ತಂದೆಯವರ ಹೆಸರಿನಲ್ಲಿ ಒಂದು ರಾತ್ರಿ’ ಎಂದು ಚೀಟಿ ಮಾಡಿ, ಗೋಡೆಯ ಕ್ಯಾಲೆಂಡರಿನಲ್ಲಿ 365 ಚೌಕ ತುಂಬಿಸಿ. ಹಣವನ್ನು ಯುಪಿಐ ಅಥವಾ ಚೆಕ್ಕಿನಲ್ಲೇ ತೆಗೆದುಕೊಳ್ಳಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ, ಆಮೇಲೆ ದಾನಿ ಬೇಸರ ಮಾಡಿಕೊಳ್ಳುತ್ತಾರೆ. ಸುಗ್ಗಿಯಲ್ಲಿ ರೈತರು ಕೊಡುವ ಜೋಳ, ಕಡಲೆ ಪಡೆಯಿರಿ. ಆದರೆ ಬಿಸಿಲಿಗೆ ಒಣಗಿಸಿ ಗಾಳಿಯಾಡದ ಡ್ರಮ್ಮಿನಲ್ಲಿ ತುಂಬುವ ವ್ಯವಸ್ಥೆ ಇಲ್ಲದಿದ್ದರೆ ಮಳೆಗಾಲದ ಹೊತ್ತಿಗೆ ನುಸಿ.

ಕಟ್ಟುವಾಗಿನ ತಪ್ಪುಗಳಿಗೂ ಎರಡು ಮಾತು. ರ‍್ಯಾಂಪು 1:12 ಇಳಿಜಾರಿನಲ್ಲಿ ಇರಬೇಕು. ನೆಲಗಟ್ಟು 45 ಸೆಂಟಿಮೀಟರ್ ಎತ್ತರ ಇದ್ದರೆ ರ‍್ಯಾಂಪು 5.4 ಮೀಟರ್ ಉದ್ದ. ಗೌಂಡಿ ಜಾಗ ಉಳಿಸಲು ಅದನ್ನು ಅರ್ಧ ಮಾಡುತ್ತಾನೆ. ಆಮೇಲೆ ಅದರ ಮೇಲೆ ವೀಲ್‌ಚೇರ್ ತಳ್ಳಲು ಇಬ್ಬರು ಬೇಕು, ಇಳಿಸುವಾಗ ಮುಗ್ಗರಿಸುವ ಭಯ. ಬಾಗಿಲು 90 ಸೆಂಟಿಮೀಟರ್ ಬಿಡುವು ಇರಲಿ, ಬಚ್ಚಲಿನಲ್ಲಿ ಕುರ್ಚಿ ತಿರುಗಲು ಒಂದೂವರೆ ಮೀಟರ್ ಸುತ್ತಳತೆಯಲ್ಲ, ವ್ಯಾಸ. ಪಾಯಖಾನೆಯ ಬಾಗಿಲು ಹೊರಗೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ಒಳಗೆ ತೆರೆಯುವ ಬಾಗಿಲಾದರೆ, ಫಿಟ್ಸ್ ಬಂದು ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗಿ ಹೊರಗಿನಿಂದ ತೆಗೆಯಲು ಬರುವುದಿಲ್ಲ.

ನೀರಿನ ಮಾತು ಹುಬ್ಬಳ್ಳಿ-ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಮಾನ್ಯ ಮನೆಗೆ ತಲಾ 135 ಲೀಟರ್ ಎಂದು ಹಿಡಿಯುತ್ತಾರೆ. ಒದ್ದೆಯಾದ ಹಾಸು, ಬಟ್ಟೆ ದಿನವೂ ಒಗೆಯುವ ಮನೆಗೆ 200 ಹಿಡಿಯಿರಿ. ನಲವತ್ತು ಜನ ಎಂದರೆ ದಿನಕ್ಕೆ 8,000 ಲೀಟರ್. ಎಂಟು ದಿನಕ್ಕೊಮ್ಮೆ ನಳ ಬರುವ ಬಡಾವಣೆಯಲ್ಲಿ 64,000 ಲೀಟರಿನ ಸಂಪು. ಅಷ್ಟು ಕಟ್ಟದವರು ಟ್ಯಾಂಕರಿಗೆ ಹಣ ಸುರಿಯುತ್ತಾರೆ, ಸುರಿಯಲು ಆಗದಿದ್ದಾಗ ಮೊದಲು ಕಡಿಮೆಯಾಗುವುದು ಸ್ನಾನ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಟ್ಟೆ ಒಣಗದೆ ತೊಡೆಸಂದಿಯಲ್ಲಿ ಶಿಲೀಂಧ್ರ ಸೋಂಕು, ತುರಿಕೆ ಶುರು. ತಗಡಿನ ಮಾಡು ಹಾಕಿದ, ಗಾಳಿಯಾಡುವ ಒಣಗಿಸುವ ಜಾಗವನ್ನು ನಕ್ಷೆಯಲ್ಲೇ ತೋರಿಸಿ. ಮುಂಡರಗಿ ಕಡೆ ಬೋರ್‌ವೆಲ್ ಕೊರೆಸಿದವರು ಫ್ಲೋರೈಡ್ ಪರೀಕ್ಷೆ ಮಾಡಿಸದೆ ಕುಡಿಯಲು ಕೊಡಬೇಡಿ.

ಬಾಗಿಲು ತೆರೆಯುವ ಮೊದಲು

‘ನಾವು ಸತ್ತ ಮ್ಯಾಲ ಇವನ್ನ ಯಾರ್ ನೋಡ್ಕೋತಾರ್ರಿ?’ ತಂದೆ-ತಾಯಿಗಳು ಈ ಪ್ರಶ್ನೆ ಹಿಡಿದು ಬಂದಾಗ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಹಾಗೆಂದು ಬಂದವರನ್ನೆಲ್ಲ ಸೇರಿಸಿಕೊಂಡ ಮನೆಗಳೇ ಬೇಗ ಕುಸಿದಿವೆ. ಸೇರಿಸುವ ಮೊದಲು ಒಂದು ಹಾಳೆ ತುಂಬಿ: ಹೊರಳಿಸಲು ಎಷ್ಟು ಜನ ಬೇಕು, ಉಣಿಸಲು ಎಷ್ಟು ಹೊತ್ತು, ಫಿಟ್ಸ್ ತಿಂಗಳಿಗೆ ಎಷ್ಟು, ರಾತ್ರಿ ಏಳುತ್ತಾರೋ, ಓಡಿಹೋಗುವ ಅಭ್ಯಾಸ ಇದೆಯೋ. ಈ ಹೊಸ ಭಾರ ರಾತ್ರಿ ಪಾಳಿಯ ಲೆಕ್ಕದಲ್ಲಿ ಕೂರುತ್ತದೆಯೇ ನೋಡಿ. ಕೂರದಿದ್ದರೆ ಸರದಿ ಪಟ್ಟಿಗೆ ಹಾಕಿ, ಅಷ್ಟರವರೆಗೆ ತಾಯಿಗೆ ವಾರಕ್ಕೆರಡು ದಿನ ಬಿಡುವು ಸಿಗುವಂತೆ ಹಗಲು ಆರೈಕೆ ಕೊಡಿ. ಅನೇಕ ಕುಟುಂಬಗಳಿಗೆ ನಿಜವಾಗಿ ಬೇಕಾಗಿರುವುದು ಅಷ್ಟೇ.

ಕಾಗದಪತ್ರದಲ್ಲಿ ಜನ ಎಡವುವುದು ಒಂದೇ ಮನೆಯಲ್ಲಿ ಎಲ್ಲರನ್ನೂ ಬೆರೆಸುವುದರಿಂದ. ಅಂಗವಿಕಲರ ಸಂಸ್ಥೆಗೆ 2016ರ ಕಾಯ್ದೆಯಡಿ ನೋಂದಣಿ ಬೇಕು, ಸೊಸೈಟಿ ಅಥವಾ ಟ್ರಸ್ಟ್ ನೋಂದಣಿ ಅದಕ್ಕೆ ಬದಲಿ ಆಗುವುದಿಲ್ಲ. ಹದಿನೆಂಟರ ಒಳಗಿನವರಿದ್ದರೆ 2015ರ ಬಾಲನ್ಯಾಯ ಕಾಯ್ದೆ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ. ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಂಡರೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಮಕ್ಕಳ ಪರವಾನಗಿಯ ಮನೆಯಲ್ಲಿ ಹುಡುಗನಿಗೆ ಹದಿನೆಂಟು ತುಂಬಿದ ದಿನ ಏನು ಮಾಡುವಿರಿ? ಹದಿನಾರಕ್ಕೇ ಯೋಜನೆ ಬರೆಯಬೇಕು.

ಹದಿನೆಂಟು ದಾಟಿದ ಮೇಲೆ ತಾಯಿ-ತಂದೆ ತಾವಾಗಿ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಹಾಗೆ ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ಅಣ್ಣ-ತಮ್ಮಂದಿರು ಹೊಲ ಹಂಚಿಕೊಳ್ಳುವ ಹೊತ್ತಿಗೆ ಈ ಕಾಗದ ಇಲ್ಲದೆ ಎಷ್ಟೋ ಮಂದಿ ಪಾಲು ಕಳೆದುಕೊಂಡಿದ್ದಾರೆ. ಪಿಂಚಣಿ ನಿವಾಸಿಯ ಸ್ವಂತ ಖಾತೆಗೆ ಬರುವ ಸ್ವಂತ ಹಣ. ಎಲ್ಲರದ್ದನ್ನೂ ಒಂದು ಡಬ್ಬಿಗೆ ಹಾಕಿ ಕಿರಾಣಿ ತರುವುದು ತಪ್ಪು, ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ಔಷಧದಲ್ಲಿ ಒಂದನ್ನು ಮಾತ್ರ ಒತ್ತಿ ಹೇಳಬೇಕು. ಫಿಟ್ಸ್ ಮಾತ್ರೆ ಒಮ್ಮೆಲೇ ನಿಲ್ಲಬಾರದು. ಸರ್ಕಾರಿ ಸರಬರಾಜು ತಡವಾಯಿತು, ದೀಪಾವಳಿಗೆ ಅಂಗಡಿ ಮುಚ್ಚಿತ್ತು ಎಂದು ಎರಡು ದಿನ ತಪ್ಪಿದರೆ ನಿಲ್ಲದ ಫಿಟ್ಸ್ ಬರಬಹುದು. ಹದಿನೈದು ದಿನದ ದಾಸ್ತಾನು ಸದಾ ಇರಲಿ, ಕೊಟ್ಟವರು ಮತ್ತು ನೋಡಿದವರು ಇಬ್ಬರೂ ಸಹಿ ಮಾಡಲಿ. ಫಿಟ್ಸ್ ಐದು ನಿಮಿಷ ದಾಟಿದರೆ 108ಕ್ಕೆ ಫೋನು. ಬಾಯಿಗೆ ಚಮಚ, ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಬೇಡ. ಪಕ್ಕಕ್ಕೆ ಮಲಗಿಸಿ ಗಡಿಯಾರ ನೋಡಿ.

ಬೀಗ ಮತ್ತು ಬೆಂಕಿಯ ಮಾತು ಹೇಳಲೇಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಅಸ್ವಸ್ಥರನ್ನು ಇರಿಸಿದ್ದ ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡಲು ಆಗಲಿಲ್ಲ. ಈಗ ಸರಪಳಿ ಕಡಿಮೆ, ಗ್ರಿಲ್ಲು ಮತ್ತು ಬೀಗ ಹೆಚ್ಚು. ರಾತ್ರಿ ಹೊರಬಾಗಿಲ ಕೀಲಿ ವಾರ್ಡನ್ ಕೋಣೆಯಲ್ಲಿದ್ದು ವಾರ್ಡನ್ ಊರಿಗೆ ಹೋಗಿದ್ದರೆ? ಪಾಳಿಯಲ್ಲಿರುವ ಪ್ರತಿಯೊಬ್ಬರ ಸೊಂಟದಲ್ಲೂ ಕೀಲಿ ಇರಬೇಕು. ಏಳಲಾರದವರನ್ನು ಎಂದೂ ಮೇಲಿನ ಮಹಡಿಯಲ್ಲಿ ಮಲಗಿಸಬಾರದು. ಅಗ್ನಿ ಅಣಕು ಪ್ರದರ್ಶನವನ್ನು ಹಗಲು ಹನ್ನೊಂದಕ್ಕೆ ಎಲ್ಲ ಸಿಬ್ಬಂದಿ ಇದ್ದಾಗ ಮಾಡಿ ಫೋಟೋ ತೆಗೆಸಿಕೊಂಡರೆ ಉಪಯೋಗವಿಲ್ಲ. ನಸುಕಿನ ಮೂರಕ್ಕೆ, ಆ ಪಾಳಿಯವರಷ್ಟೇ, ಹಾಸಿಗೆಯ ಹೊದಿಕೆ ಸಮೇತ ನೆಲದ ಮೇಲೆ ಎಳೆದು ಎಲ್ಲರನ್ನೂ ಹೊರಗೆ ತರಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ. ಆ ನಿಮಿಷಗಳು ಹೆಚ್ಚಾದರೆ ಹಾಸಿಗೆ ಕಡಿಮೆ ಮಾಡಬೇಕು, ಇಲ್ಲವೇ ಜನ ಹೆಚ್ಚಿಸಬೇಕು.

ಸಭೆಯ ಪ್ರಶ್ನೆಗಳು

ಸಿಸಿ ಕ್ಯಾಮೆರಾ ಹಾಕಿದರೆ ದೌರ್ಜನ್ಯ ನಿಲ್ಲುತ್ತದೆಯೇ?

ನಡೆದಾಡುವ ಓಣಿಯಲ್ಲಿ, ಊಟದ ಹಾಲಿನಲ್ಲಿ ಉಪಯೋಗ ಇದೆ. ದೌರ್ಜನ್ಯ ನಡೆಯುವುದು ಬಚ್ಚಲು, ಮಲಗುವ ಕೋಣೆಯಲ್ಲಿ, ಅಲ್ಲಿ ಕ್ಯಾಮೆರಾ ಹಾಕುವುದೇ ಇನ್ನೊಂದು ದೌರ್ಜನ್ಯ. ಹೆಣ್ಣುಮಕ್ಕಳ ಮೈ ಕೆಲಸ ಹೆಣ್ಣುಮಕ್ಕಳೇ ಮಾಡಬೇಕು. ಸ್ನಾನದ ಹೊತ್ತಿಗೆ ಮೈಮೇಲೆ ಕಂಡ ಗಾಯ, ಕಲೆಯನ್ನು ದೇಹದ ನಕ್ಷೆಯ ಮೇಲೆ ಗುರುತು ಹಾಕುವ ಪುಸ್ತಕ ಇಡಿ. ಮಾತು ಬರದವರಿಗೆ ದೂರು ಪೆಟ್ಟಿಗೆ ನಿರುಪಯೋಗಿ. ಹೊರಗಿನವರೊಬ್ಬರು, ನಿವೃತ್ತ ನರ್ಸೋ ಶಿಕ್ಷಕಿಯೋ, ಹೇಳದೆ ಕೇಳದೆ ಬಂದು ಹೋಗುವಂತಿರಲಿ. ಹದಿನೆಂಟರ ಒಳಗಿನವರ ಮೇಲೆ ಲೈಂಗಿಕ ದೌರ್ಜನ್ಯದ ಅನುಮಾನ ಬಂದರೂ ಪೊಲೀಸರಿಗೆ ತಿಳಿಸುವುದು ಪೋಕ್ಸೋ ಕಾಯ್ದೆಯಡಿ ಕಡ್ಡಾಯ, ಟ್ರಸ್ಟಿನ ಸಭೆ ಕರೆದು ನಿರ್ಧರಿಸುವ ವಿಷಯ ಅದಲ್ಲ.

ನಿವಾಸಿಗಳನ್ನು ಸಮಿತಿಯಲ್ಲಿ ಕೂರಿಸಿದರೆ ಏನು ಮಾತಾಡಿಯಾರು?

ಮೊದಲ ಮೂರು ಸಭೆಯಲ್ಲಿ ಏನೂ ಮಾತಾಡಲಿಕ್ಕಿಲ್ಲ. ನಾಲ್ಕನೆಯದರಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆ ಎಂದಾರು. ಸಕ್ಕರೆ ಮರುದಿನವೇ ಹೆಚ್ಚಾದರೆ ಐದನೆಯದರಲ್ಲಿ ಯಾವ ಆಯಾ ಕೈ ತಿರುವುತ್ತಾಳೆ ಎಂದು ಹೇಳುತ್ತಾರೆ. ಚಿತ್ರಪಟ ತೋರಿಸಿ ಹೌದು-ಅಲ್ಲ ಹೇಳಿಸಬಹುದು, ಕಣ್ಣು ಹೊರಳಿಸಿ ಉತ್ತರಿಸುವವರಿದ್ದಾರೆ. ಏಳುವ ಹೊತ್ತು, ಮಲಗುವ ಹೊತ್ತು, ಟಿವಿ ಚಾನೆಲ್ಲು, ಪಕ್ಕದ ಹಾಸಿಗೆಯವರು ಯಾರು, ಈ ನಾಲ್ಕನ್ನು ಮೊದಲು ಅವರ ಕೈಗೆ ಬಿಡಿ.

ಗದಗ ರಸ್ತೆಯಲ್ಲಿ ಹತ್ತು ಎಕರೆ ಕೊಡುವವರಿದ್ದಾರೆ, ಬೇಡ ಎನ್ನಬೇಕೇ?

ತೆಗೆದುಕೊಳ್ಳಿ, ಆದರೆ ಅಲ್ಲಿ ನೂರು ಹಾಸಿಗೆ ಹಾಕಬೇಡಿ. ಊರಿಂದ ಹದಿನೈದು ಕಿಲೋಮೀಟರ್ ಹೊರಗೆ ರಾತ್ರಿ ಪಾಳಿಗೆ ಹೆಣ್ಣುಮಕ್ಕಳು ಬರುವುದಿಲ್ಲ, ಕೊನೆಯ ಬಸ್ಸು ತಪ್ಪಿದ ದಿನ ಪಾಳಿಯೇ ಇಲ್ಲ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಡಿಮ್ಹಾನ್ಸ್, ಗದಗಿನ ಜಿಮ್ಸ್ ಆಸ್ಪತ್ರೆಗಳಿಂದ ಎಷ್ಟು ನಿಮಿಷ ದೂರ ಎಂಬುದೂ ಮುಖ್ಯ. ಕಾಗದದಲ್ಲಿ ಮಾರುವ ಅಧಿಕಾರ ಇರುವಂತೆ ದಾನಪತ್ರ ಬರೆಯಿಸಿಕೊಳ್ಳಿ. ಇಲ್ಲದಿದ್ದರೆ ಆ ಭೂಮಿಯ ಬೆಳೆಯಿಂದ ಬಂದ ಹಣವನ್ನು ಸಂಬಳಕ್ಕೆ ಹಾಕಿ.

ಹಾಗಾದರೆ ಬೆಳೆಯುವುದು ಹೇಗೆ? ಊರೊಳಗೆ ನಮಗೆ ಮನೆ ಬಾಡಿಗೆ ಯಾರು ಕೊಡ್ತಾರ್ರಿ?

ಚೆನ್ನೈನ ಬನ್ಯನ್ ಸಂಸ್ಥೆ ‘ಹೋಮ್ ಅಗೇನ್’ ಎಂಬ ಹೆಸರಿನಲ್ಲಿ ನಾಲ್ಕೈದು ಜನರನ್ನು ಸಾಮಾನ್ಯ ಓಣಿಯ ಬಾಡಿಗೆ ಮನೆಯಲ್ಲಿ ಇರಿಸಿ, ಜೊತೆಗೆ ಆರೈಕೆದಾರರನ್ನು ಇಟ್ಟಿದೆ. ಅವರದು ದೀರ್ಘಕಾಲದ ಮಾನಸಿಕ ಕಾಯಿಲೆಯವರಿಗೆ. ನಡೆದಾಡಬಲ್ಲ ಬೌದ್ಧಿಕ ಅಂಗವೈಕಲ್ಯದವರಿಗೂ ಅದೇ ರೀತಿ ಹೊಂದುತ್ತದೆ. ಪೂರ್ತಿ ಹಾಸಿಗೆ ಹಿಡಿದವರಿಗೆ ಕಷ್ಟ, ಒಂದು ಸಣ್ಣ ಮನೆಗೆ ರಾತ್ರಿ ಇಬ್ಬರನ್ನು ಇಡುವ ಖರ್ಚು ತಲೆಗೆ ಹೆಚ್ಚು ಬೀಳುತ್ತದೆ, ಹಾಗಾಗಿ ಅವರಿಗೆ ಮುಖ್ಯ ಮನೆಯನ್ನು ಹನ್ನೆರಡು-ಹದಿನೈದಕ್ಕೆ ನಿಲ್ಲಿಸಿ. ಬಾಡಿಗೆ ಮನೆ ಹುಡುಕುವಾಗ ನೆಲಮಹಡಿ, ಮನೆಯೊಳಗೇ ಪಾಯಖಾನೆ, ಕಿರಾಣಿ ಅಂಗಡಿ ನಡೆದು ಹೋಗುವಷ್ಟು ದೂರ ಇರಲಿ. ಕರಾರು ಸಂಸ್ಥೆಯ ಹೆಸರಿನಲ್ಲಿ, ಯಾರು ಇರುತ್ತಾರೆ ಎಂಬುದನ್ನು ಮುಚ್ಚಿಡದೆ ಬರೆದು ಮಾಡಿ; ಮುಚ್ಚಿಟ್ಟು ಪಡೆದ ಮನೆಯನ್ನು ಮೂರನೇ ತಿಂಗಳಿಗೆ ಬಿಡಿಸುತ್ತಾರೆ. ಹತ್ತು ಮಾಲೀಕರು ಇಲ್ಲ ಎನ್ನಬಹುದು. ಕೆಲಸಕ್ಕೆ ಬರುವ ಆಯಾಗಳ ಓಣಿಯಲ್ಲೇ ಮೊದಲು ಕೇಳಿ, ಅಲ್ಲಿ ನಿಮ್ಮ ಮಂದಿಯನ್ನು ಬಲ್ಲವರು ಒಬ್ಬರಾದರೂ ಇರುತ್ತಾರೆ.